ಉಳಿಸಿಟ್ಟ ಎರಡು ಕಿಲೋಮೀಟರ್

“ಅಳಿಸಿಬಿಟ್ಟೆಯಾ? ಅಳಿಸಿಯೇ ಬಿಟ್ಟೆಯಾ ದರಿದ್ರದವಳೇ!”

ಅಂಗಳದಿಂದ ಬಂದ ಗಂಡನ ಅಬ್ಬರಕ್ಕೆ ಒಲೆಯ ಮುಂದಿದ್ದ ಸರಸಳ ಕೈಯಿಂದ ಸೌಟು ಜಾರಿತು. ಅವಳು ಹೊರಗೆ ಓಡಿಬರುವಷ್ಟರಲ್ಲಿ ಐತಪ್ಪ ಸೊಸೆಯ ರಟ್ಟೆ ಹಿಡಿದು ಜೀಪಿನಿಂದ ಕೆಳಗೆಳೆದು ತಳ್ಳಿಯಾಗಿತ್ತು. ಎಂಟು ತಿಂಗಳ ಬಸುರಿ ಹರ್ಷಿಣಿ ಜೀಪಿನ ಕಬ್ಬಿಣದ ಮೆಟ್ಟಿಲಿಗೆ ಹೊಟ್ಟೆ ಬಡಿದುಕೊಂಡು ನೆಲಕ್ಕೆ ಬಿದ್ದಳು. ಸೀಮೆಎಣ್ಣೆಯ ಬಟ್ಟೆ ಇನ್ನೂ ಅವಳ ಕೈಯಲ್ಲೇ ಇತ್ತು. ಪಾಪದ ಹುಡುಗಿ... ಶುಕ್ರವಾರದ ಪೂಜೆಗೆ ಮಾವನ ಗಾಡಿ ಫಳಫಳ ಹೊಳೆಯಲಿ ಎಂದು ತಾನಾಗಿಯೇ ಒರೆಸಲು ಹೋಗಿದ್ದಳು. ಬಾಗಿಲಿನ ಒಳಮೈಯಲ್ಲಿದ್ದ ಎಂಟು ಕೆಂಪು ಚುಕ್ಕೆಗಳಲ್ಲಿ ಒಂದು ಬಟ್ಟೆಗೆ ಹತ್ತಿಕೊಂಡು ಬಂದಿತ್ತು.

ಆ ಚುಕ್ಕೆಗಳೆಂದರೆ ಐತಪ್ಪನಿಗೆ ಪ್ರಾಣ. ಪುತ್ತೂರಿನಿಂದ ಮದ್ರಾಸಿಗೆ ಬಂದು, ಅಲ್ಲಿನ ಗಿಂಡಿ ಬಡಾವಣೆಯ ಕಾರ್ಖಾನೆಗಳ ಹಿಂದಿನ ವಠಾರದಲ್ಲಿ ಸಂಸಾರ ಹೂಡಿ, ಎಂಬತ್ತೇಳರಲ್ಲಿ ಆ ಡೀಸೆಲ್ ಜೀಪು ಕೊಂಡವನು ಅವನು. ಹದಿನಾರು ವರ್ಷ ತಿರುಪತಿ, ಧರ್ಮಸ್ಥಳ, ಕೊಲ್ಲೂರು ಎಂದು ಯಾತ್ರಿಕರನ್ನು ಹೊತ್ತು ತಿರುಗಿದ್ದ. ಗಾಡಿಯ ಮೀಟರಿನಲ್ಲಿ ಐದೇ ಅಂಕಿ. ಒಂದು ಲಕ್ಷ ಕಿಲೋಮೀಟರ್ ತುಂಬಿದರೆ ಮತ್ತೆ ಐದು ಸೊನ್ನೆ. ಸೊನ್ನೆ ತಿರುಗುವ ಹೊತ್ತಿಗೆ ಗಾಡಿ ದೇವಸ್ಥಾನದ ಮುಂದಿರಬೇಕು, ಕಾಯಿ ಒಡೆಯಬೇಕು, ಬಾಗಿಲಿಗೆ ಒಂದು ಚುಕ್ಕೆ ಇಡಬೇಕು. ನಾಲ್ಕನೆಯ ಲಕ್ಷದಲ್ಲಿ ಮಾತ್ರ ಅದು ತಪ್ಪಿತ್ತು. ಚಿತ್ತೂರಿನ ರಸ್ತೆಯಲ್ಲಿ, ಕಾಯಿಯೂ ಇಲ್ಲದೆ ದೇವರೂ ಇಲ್ಲದೆ ಸೊನ್ನೆ ತಿರುಗಿಬಿಟ್ಟಿತು. ಮೂರನೆಯ ದಿನ ಜಾಕು ಜಾರಿ, ಗಾಡಿಯಡಿ ಮಲಗಿ ನಟ್ಟು ಬಿಗಿಯುತ್ತಿದ್ದ ಅವನ ತಮ್ಮ ಕೃಷ್ಣರಾಜ ಅಲ್ಲೇ ಸತ್ತ. ಜಾಕು ಹಳೆಯದಾಗಿತ್ತು ಎಂದು ಯಾರು ಹೇಳಿದರೂ ಐತಪ್ಪ ಕೇಳಲಿಲ್ಲ. ಕಾಯಿಯಿಲ್ಲದೆ ಸೊನ್ನೆ ತಿರುಗಿದರೆ ಗಾಡಿ ಮನೆಯವರೊಬ್ಬರನ್ನು ತೆಗೆದುಕೊಳ್ಳುತ್ತದೆ ಎಂಬುದು ಅವನ ತಲೆಯಲ್ಲಿ ಮೊಳೆ ಹೊಡೆದಂತೆ ಕೂತಿತು.

ಈಗ ಹತ್ತನೆಯ ಲಕ್ಷ! ಮೀಟರು ತೊಂಬತ್ತೊಂಬತ್ತು ಸಾವಿರದ ಒಂಬೈನೂರ ತೊಂಬತ್ತೆಂಟಕ್ಕೆ ಬಂದು ನಿಂತಿತ್ತು. ದೇವಸ್ಥಾನಕ್ಕೆ ಸರಿಯಾಗಿ ಎರಡು ಕಿಲೋಮೀಟರ್. ಆ ಎರಡನ್ನು ಉಳಿಸಿಟ್ಟು, ಬಂದ ಬಾಡಿಗೆಗಳನ್ನೆಲ್ಲ ಬಿಟ್ಟು, ಕಾಯಿ ತಂದು ಬಾನೆಟ್ಟಿನ ಮೇಲಿಟ್ಟು, ಹನ್ನೆರಡು ದಿನದಿಂದ ಶುಕ್ರವಾರವನ್ನು ಕಾಯುತ್ತಿದ್ದ ಆ ಮಹಾನುಭಾವ. ಅಂದು ಬುಧವಾರ ಮಧ್ಯಾಹ್ನ.

“ಅತ್ತೆ... ನೋಯ್ತಾ ಉಂಟು ಅತ್ತೆ...” ಎಂದಳು ಹರ್ಷಿಣಿ. ಅವಳ ಸೀರೆಯ ನೆರಿಗೆಯಲ್ಲಿ ರಕ್ತ ಇಳಿಯುತ್ತಿತ್ತು.

ಸರಸ ಓಡಿಹೋಗಿ ಅವಳನ್ನು ಹಿಡಿದುಕೊಂಡಳು. ಹೆಣ್ಣುಮಕ್ಕಳಿಲ್ಲದ ಅವಳಿಗೆ ಸೊಸೆಯೇ ಮಗಳು. ಎದುರು ಮನೆಯ ಪಂಢರಿನಾಥ, ಹೋಟೆಲಿನಲ್ಲಿ ದೋಸೆ ಹಾಕುವವನು, ಆಟೋ ತರಲೆಂದು ರಸ್ತೆಗೆ ಓಡಿ ಬರಿಗೈಯಲ್ಲಿ ವಾಪಸಾದ. ಊರಿಗೆ ಊರೇ ಆಟೋ ಮುಷ್ಕರ. ಆಂಬುಲೆನ್ಸಿಗೆ ಫೋನು ಮಾಡಿದರೆ ಒಂದು ಗಂಟೆಯಾಗುತ್ತದೆ ಎಂದರಂತೆ. ಹೆರಿಗೆ ಆಸ್ಪತ್ರೆ ನಾಲ್ಕು ಕಿಲೋಮೀಟರ್ ದೂರ.

“ಕೀ ಕೊಡಿ,” ಎಂದಳು ಸರಸ ಗಂಡನಿಗೆ.

ಐತಪ್ಪನ ಮುಖ ಬಿಳಿಚಿಕೊಂಡಿತ್ತು. ಆದರೂ ಅವನ ಕೈ ಸೊಂಟದ ಉಡಿದಾರದಲ್ಲಿದ್ದ ಕೀಲಿಯನ್ನು ಮುಚ್ಚಿ ಹಿಡಿಯಿತು. “ಆಗುದಿಲ್ಲ. ದಾರಿಯಲ್ಲಿ ಸೊನ್ನೆ ತಿರುಗ್ತದೆ. ಕೃಷ್ಣರಾಜ ಹೋದದ್ದು ಮರ್ತು ಹೋಯ್ತಾ ನಿಂಗೆ? ಶುಕ್ರವಾರದವರೆಗೆ ಈ ಗಾಡಿ ಅಲ್ಲಾಡುದಿಲ್ಲ!”

“ರಕ್ತ ಹೋಗ್ತಾ ಉಂಟು! ನಿಮ್ಮ ಮೊಮ್ಮಗು ಸಾಯ್ತದೆ!”

“ತಿರುಗಿದರೆ ಸಾಯುದು! ತಿರುಗಿದರೆ!”

ಊಟಕ್ಕೆಂದು ವರ್ಕ್‌ಶಾಪಿನಿಂದ ಬಂದ ಮಗ ಸಂದೇಶ ಗೇಟಿನಲ್ಲೇ ಹೆಂಡತಿಯನ್ನು ನೋಡಿದ. ಸಿಟ್ಟು ಬಂದರೆ ಅವನ ಬಾಯಿಗೆ ತಮಿಳೇ ಬರುವುದು. “ಸಾವಿ ಕುಡುಂಗಪ್ಪಾ!” ಎಂದು ಕೀಲಿ ಕೇಳಿ ಕೂಗುತ್ತಾ ಅಪ್ಪನ ಸೊಂಟಕ್ಕೇ ಕೈ ಹಾಕಿದ. ಐತಪ್ಪ ಅವನನ್ನು ಒದ್ದು ಬೀಳಿಸಿ, ಸೀಟಿನಡಿಯಿಂದ ಜಾಕಿನ ರಾಡು ಎಳೆದುಕೊಂಡ. ಹೆತ್ತ ಮಗ ಎನ್ನುವುದನ್ನೂ ನೋಡಲಿಲ್ಲ. ಮೊದಲ ಏಟು ಹೆಗಲಿಗೆ, ಎರಡನೆಯದು ಮುಂಗೈಗೆ. ಮೂಳೆ ಮುರಿದ ಸದ್ದು ಸರಸಳಿಗೂ ಕೇಳಿಸಿತು. ಸಂದೇಶ ಕಿರುಚಿಕೊಂಡು ಮಡಚಿ ಬಿದ್ದ. ಐತಪ್ಪ ಮತ್ತೆ ರಾಡು ಎತ್ತಿದ...

ಸರಸಳ ಎಡಗಿವಿ ಕೇಳದೆ ಹನ್ನೊಂದು ವರ್ಷವಾಗಿತ್ತು. ಬಾನೆಟ್ಟಿನ ಮೇಲೆ ಒದ್ದೆ ಬಟ್ಟೆ ಹರಡಿದಳೆಂದು ಗಂಡ ಕೊಟ್ಟ ಏಟಿನ ಉಡುಗೊರೆ ಅದು. ಅಂದು ಅವಳು ತುಟಿ ಪಿಟಕ್ಕೆನ್ನಲಿಲ್ಲ. ಅಂದಿನ ಮೌನಕ್ಕೆ ಈಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು. ಬಾನೆಟ್ಟಿನ ಮೇಲಿದ್ದ ಪೂಜೆಯ ಕಾಯಿಯನ್ನು ಎರಡೂ ಕೈಯಲ್ಲಿ ಎತ್ತಿ, ಇದ್ದ ಬಲವನ್ನೆಲ್ಲ ಹಾಕಿ ಗಂಡನ ಹಣೆಗೆ ಅಪ್ಪಳಿಸಿದಳು. ಕಾಯಿ ಒಡೆಯಲಿಲ್ಲ, ಹಣೆ ಒಡೆಯಿತು. ಐತಪ್ಪ ನೆಲಕ್ಕೆ ಕುಸಿದ. ಅವಳು ಉಡಿದಾರ ಕಿತ್ತು ಕೀಲಿ ತೆಗೆದುಕೊಂಡಳು.

ಆದರೆ ಓಡಿಸುವವರು ಯಾರು? ಮಗನ ಕೈ ಮುರಿದಿದೆ. ಪಂಢರಿನಾಥನಿಗೆ ದೋಸೆ ತಿರುವುವುದು ಬಿಟ್ಟರೆ ಬೇರೇನೂ ಬಾರದು. ಸರಸಳೇ ಡ್ರೈವರ್ ಸೀಟು ಹತ್ತಿದಳು. ಆ ಗಾಡಿಯ ಸೆಲ್ಫ್ ಸ್ಟಾರ್ಟರು ಸತ್ತು ಹತ್ತು ವರ್ಷ. ದಿನಾ ಬೆಳಗ್ಗೆ ಐತಪ್ಪ ಹಿಂದಿನಿಂದ ನೂಕುವುದು, ಸರಸ ಎರಡನೇ ಗೇರಿಗೆ ಹಾಕಿ ಕ್ಲಚ್ಚು ಬಿಟ್ಟು ಎಂಜಿನ್ನು ಎಬ್ಬಿಸುವುದು. ಅದೇ ಅವರ ದಾಂಪತ್ಯ ಎಂದರೂ ಆದೀತು. ಗೇಟಿನಾಚೆ ಅವಳು ಎಂದೂ ಓಡಿಸಿರಲಿಲ್ಲ. ಮೂರನೇ ಗೇರು ಎಲ್ಲಿದೆಯೆಂದೂ ಅವಳಿಗೆ ಗೊತ್ತಿರಲಿಲ್ಲ.

ಪಂಢರಿನಾಥ ಹರ್ಷಿಣಿಯನ್ನು ಹಿಂದಿನ ಸೀಟಿನಲ್ಲಿ ಮಲಗಿಸಿದ. ಸಂದೇಶ ಮುರಿದ ಕೈಯನ್ನು ಎದೆಗವಚಿಕೊಂಡು ಹೆಗಲು ಕೊಟ್ಟು ನೂಕಿದ. ಎಂಜಿನ್ನು ಕೆಮ್ಮಿ ಎದ್ದಿತು, ಅವನೂ ಓಡಿ ಹತ್ತಿಕೊಂಡ. ನಾಲ್ಕು ಕಿಲೋಮೀಟರ್, ಎರಡನೇ ಗೇರಿನಲ್ಲಿ! ಎಂಜಿನ್ನು ಅರಚುತ್ತಿತ್ತು, ಹಿಂದಿನ ಲಾರಿಯವರು ಬೈಯುತ್ತಿದ್ದರು, ಹರ್ಷಿಣಿ ನರಳುತ್ತಿದ್ದಳು. ದೇವಸ್ಥಾನದ ತಿರುವಿನಲ್ಲಿ ಐದು ಸೊನ್ನೆ ಒಟ್ಟಿಗೇ ತಿರುಗಿದ್ದನ್ನು ಸರಸ ಕಂಡಳು. ಬ್ರೇಕಿನ ಕಡೆಗೆ ಅವಳ ಕಾಲು ಹೋಗಲಿಲ್ಲ.

ಹರ್ಷಿಣಿ ಉಳಿದಳು. ಮಗು ಉಳಿಯಲಿಲ್ಲ... ಗಂಡು ಕೂಸು, ತಲೆತುಂಬ ಕೂದಲು. “ಪೆಟ್ಟು ಜೋರಾಗಿ ಬಿದ್ದಿದೆ. ಕಾಲು ಗಂಟೆ ಮೊದಲೇ ಬಂದಿದ್ದರೆ ನೋಡಬಹುದಿತ್ತೇನೋ,” ಎಂದರು ಡಾಕ್ಟರಮ್ಮ.

ಸಂಜೆಗೆ ಐತಪ್ಪ ನಾಲ್ಕು ಕಿಲೋಮೀಟರ್ ನಡೆದೇ ಬಂದ. ಹಣೆಗೆ ಟವೆಲು ಸುತ್ತಿತ್ತು, ಕಂಕುಳಲ್ಲಿ ಅದೇ ಕಾಯಿ ಇತ್ತು. ಆಸ್ಪತ್ರೆಯ ಗೇಟಿನ ಬಳಿ ಆಫ್ ಆಗಿ ನಿಂತಿದ್ದ ಜೀಪಿನೊಳಗೆ ಇಣುಕಿ ಮೀಟರು ನೋಡಿದ. ವಿಷಯ ಕೇಳಿದ. ಗೋಡೆಗೆ ಒರಗಿ ಎಳೆಮಗುವಿನಂತೆ ಅತ್ತ. ಆಮೇಲೆ ಹೇಳಿದ, “ಹೇಳಿದ್ದೆ ಅಲ್ವಾ ಸರಸ... ಕಾಯಿ ಒಡೆಯದೆ ತಿರುಗಿದರೆ ಒಂದು ಜೀವ ಹೋಗ್ತದೆ ಅಂತ...”

ಅವನು ಕ್ಷಮೆ ಕೇಳಿದ್ದರೆ ಸರಸ ಕರಗುತ್ತಿದ್ದಳೋ ಏನೋ. ಹೆಂಗಸಿನ ಕರುಳು, ಹೇಳಲಾಗುವುದಿಲ್ಲ. ಈ ಮಾತು ಕೇಳಿ ಅವಳ ಕಣ್ಣೀರೇ ಬತ್ತಿತು.

“ಜೀವ ತೆಗ್ದದ್ದು ಮೀಟರು ಅಲ್ಲ. ನಿಮ್ಮ ಕೈ. ಕೃಷ್ಣರಾಜನನ್ನೂ ಆ ಹಳೇ ಜಾಕೇ ತೆಗ್ದದ್ದು, ನೀವು ಹೊಸದು ತರ್ಲಿಲ್ಲ,” ಎಂದು ಕೀಲಿಯನ್ನು ಅವನ ಅಂಗೈಯಲ್ಲಿಟ್ಟಳು. “ತಗೊಂಡು ಹೋಗಿ.”

“ನೀನು ಕೂತ್ಕೋ ಬಾ, ನಾನು ನೂಕ್ತೇನೆ... ಮನೆಗೆ ಹೋಗುವ.”

“ಮಗ, ಸೊಸೆ, ನಾನು ಇನ್ನು ಆ ಮನೆಗೆ ಬರುದಿಲ್ಲ. ಒಬ್ಬರೇ ನೂಕಿ.”

ಅವಳು ವಾರ್ಡಿಗೆ ಹೋಗಿ, ಕೈಗೆ ಪ್ಲಾಸ್ಟರು ಹಾಕಿಸಿಕೊಂಡು ಕೂತಿದ್ದ ಮಗನ ಪಕ್ಕದಲ್ಲಿ ನಿಂತಳು. ಕಿಟಕಿಯಲ್ಲಿ ಗೇಟು ಕಾಣುತ್ತಿತ್ತು. ಐತಪ್ಪ ಜೀಪಿಗೆ ಬೆನ್ನು ಕೊಟ್ಟು ನೂಕುತ್ತಿದ್ದ. ಅದು ನಾಲ್ಕಡಿ ಉರುಳುತ್ತಿತ್ತು; ಓಡಿ ಬಂದು ಸೀಟು ಹತ್ತುವಷ್ಟರಲ್ಲಿ ನಿಲ್ಲುತ್ತಿತ್ತು. ಇಳಿಯುವುದು, ನೂಕುವುದು, ಓಡುವುದು... ಹತ್ತು ಲಕ್ಷ ಕಿಲೋಮೀಟರ್ ಓಡಿಸಿದ ಮನುಷ್ಯನಿಗೆ ಗೇಟು ದಾಟಲಾಗಲಿಲ್ಲ. ಕೊನೆಗೆ ಅವನು ಕಿಟಕಿಯತ್ತ ತಿರುಗಿ ಬಾಯಿ ತೆರೆದು ಏನೋ ಕೂಗಿದ.

“ಅತ್ತೆ,” ಎಂದು ಹರ್ಷಿಣಿ ಮೆಲ್ಲಗೆ ಕರೆದಳು. ಸರಸ ಬಗ್ಗಿ ತನ್ನ ಬಲಗಿವಿಯನ್ನು ಸೊಸೆಯ ಬಾಯಿಯ ಹತ್ತಿರಕ್ಕೆ ತಂದಳು. ಕಿಟಕಿಯ ಕಡೆಗಿದ್ದದ್ದು ಎಡಗಿವಿ.