ಅರ್ಧ ತಿರುಗಿದವನು

"ರೀ, ಸ್ವಲ್ಪ ಇಲ್ನೋಡಿ!"

ಕಾರಿಡಾರಿನಲ್ಲಿ ಮುಂದೆ ಹೋಗುತ್ತಿದ್ದವನು ನಿಂತ. ತಿರುಗಿದ. ತಿರುಗಿದ ಅಂದರೆ ಪೂರ್ತಿ ಅಲ್ಲ. ಒಂದು ಕಿವಿ, ಕೆನ್ನೆಯ ಅಂಚು, ಮೂಗಿನ ತುದಿ ಕಾಣುವಷ್ಟು ತಿರುಗಿ ಅಲ್ಲೇ ನಿಂತುಬಿಟ್ಟ. ಕೈಯಲ್ಲಿ ಅವಳ ಕುರ್ಚಿ.

ಎಂಥ ಕೊಬ್ಬು ನೋಡಿ! ಕುರ್ಚಿ ಎತ್ತಿಕೊಂಡು ಹೋಗಿದ್ದೂ ಅಲ್ಲದೆ, ಕೂಗಿದವರ ಮುಖ ನೋಡುವಷ್ಟು ಸೌಜನ್ಯವೂ ಇಲ್ಲ. ಅವಳಿಗೆ ಮೈಯೆಲ್ಲ ಉರಿಯಿತು.

"ಅದು ನನ್ನ ಕುರ್ಚಿ. ಕಾಫಿ ತರೋಕೆ ಅಂತ ಎದ್ದಿದ್ದೆ ಅಷ್ಟೆ."

"ಖಾಲಿ ಇತ್ತು. ಟೈಲರ್ ಅಣ್ಣ ತಗೊಂಡು ಬಾ ಅಂದ್ರು."

"ಮಾತಾಡೋವಾಗ ಮುಖ ತೋರಿಸೋ ಅಭ್ಯಾಸ ಇಲ್ವಾ ನಿಮಗೆ?"

ಅವನು ನಕ್ಕ. ಆಮೇಲೆ ಪೂರ್ತಿ ತಿರುಗಿದ. ಕಣ್ಣಿನ ಕೆಳಗೆ ನಗುವಾಗ ಮಾತ್ರ ಮೂಡುವ ಎರಡು ಗೆರೆ, ಎರಡು ದಿನದಿಂದ ಬ್ಲೇಡು ಕಾಣದ ಗಡ್ಡ.

"ಇಲ್ಲ ಮೇಡಂ," ಅಂದ. "ಅದೇ ನನ್ನ ತೊಂದರೆ."

ಆ ಮಾತಿನಲ್ಲಿ ತಮಾಷೆ ಎಷ್ಟು, ನಿಜ ಎಷ್ಟು ಅಂತ ಅವಳಿಗೆ ಗೊತ್ತಾಗಿದ್ದು ಮೂರು ತಿಂಗಳ ಮೇಲೆ.

ಸಿನಿಮಾ ಸ್ಟುಡಿಯೋದ ನೆಲಮಾಳಿಗೆಯಲ್ಲಿತ್ತು ಅವಳ ಕೋಣೆ. ಕಿಟಕಿ ಇಲ್ಲ, ಫ್ಯಾನು ಇದ್ದೂ ಇಲ್ಲ. ಅಲ್ಲಿ ಕೂತು ಅವಳು ಕ್ರೈಮ್ ಸಿನಿಮಾ ನೋಡುತ್ತಿದ್ದಳು. ಪೂರ್ತಿ ಅಲ್ಲ, ಮೊದಲ ಎರಡು ನಿಮಿಷ ಮಾತ್ರ. ಕ್ರೈಮ್ ಸಿನಿಮಾ ಶುರುವಾಗುವಾಗ ಗಂಡಸನ್ನು ಹೇಗೆ ತೋರಿಸುತ್ತಾರೆ ಅನ್ನುವುದೇ ಅವಳ ಪಿಎಚ್.ಡಿ. ನಲವತ್ತೊಂದು ಸಿನಿಮಾ ನೋಡಿದ್ದಳು. ಒಂದರಲ್ಲೂ ಕೊಲೆ ಮಾಡಿದ್ದು ಯಾರು ಅಂತ ಗೊತ್ತಿರಲಿಲ್ಲ.

"ಒಂದನ್ನಾದ್ರೂ ಕೊನೇ ತನಕ ನೋಡೇ ಮಾರಾಯ್ತಿ," ಅಂತ ಅಮ್ಮ ಗೊಣಗುತ್ತಿದ್ದಳು. "ಆರು ವರ್ಷದಿಂದ ಶುರುವಲ್ಲೇ ಇದೀಯ."

ಅಮ್ಮ ಸಿನಿಮಾದ ಬಗ್ಗೆ ಮಾತ್ರ ಹೇಳುತ್ತಿರಲಿಲ್ಲ ಅನ್ನುವುದು ಇಬ್ಬರಿಗೂ ಗೊತ್ತು. ಯೂನಿವರ್ಸಿಟಿ ಕೊಟ್ಟಿದ್ದು ಮೂರನೇ ಗಡುವು. ಇದೂ ದಾಟಿದರೆ ನೋಂದಣಿಯೇ ರದ್ದು. ಆರು ವರ್ಷ ಮಣ್ಣುಪಾಲು.

ಅವನು ಪಕ್ಕದ ಹೊಲಿಗೆ ಕೋಣೆಗೆ ಅಳತೆ ಕೊಡಲು ಬರುತ್ತಿದ್ದ. ಸ್ಟುಡಿಯೋದವರೆಲ್ಲ ಅವನನ್ನು 'ಬೆನ್ನಣ್ಣ' ಅನ್ನುತ್ತಿದ್ದರು. ಯಾರದೋ ಬೆನ್ನಿಗೆ ನಿಂತು ಜಗಳ ಬಿಡಿಸಿರಬೇಕು, ಅದಕ್ಕೇ ಆ ಹೆಸರು ಅಂತ ಅವಳು ತನ್ನಷ್ಟಕ್ಕೆ ತಾನೇ ತೀರ್ಮಾನ ಮಾಡಿಕೊಂಡಳು. ಅವನೂ ಅವಳಿಗೊಂದು ಹೆಸರಿಟ್ಟ: ಎರಡು ನಿಮಿಷದ ಮೇಡಂ.

"ಏನು ಓದ್ತೀರಾ ಅಷ್ಟೊಂದು?" ಕಾಫಿ ಮಷೀನಿನ ಹತ್ತಿರ ಒಮ್ಮೆ ಕೇಳಿದ.

"ಗಂಡಸರನ್ನ."

"ಅಯ್ಯೋ. ಅಮ್ಮನಿಗೆ ಗೊತ್ತಾ?"

ಕಾಫಿ ನೆತ್ತಿಗೇರಿತು ಅವಳಿಗೆ. ಕೆಮ್ಮುತ್ತಲೇ ವಿವರಿಸಿದಳು. ಕ್ಯಾಮರಾ ಹೆಂಗಸನ್ನು ತುಂಡು ತುಂಡು ಮಾಡಿ ತೋರಿಸುತ್ತದೆ, ನೋಡುವವರ ಸಂತೋಷಕ್ಕೆ. ಕ್ರೈಮ್ ಸಿನಿಮಾದ ಶುರುವಿನಲ್ಲಿ ಗಂಡಸನ್ನೂ ಹಾಗೇ ತುಂಡು ಮಾಡುತ್ತಾರೆ: ಮೊದಲು ಬೂಟು, ಆಮೇಲೆ ಕೈ, ಆಮೇಲೆ ಬೆನ್ನು. ಆದರೆ ಅದು ಭಯ ಹುಟ್ಟಿಸಲು. ಮುಖ ಕೊಡದವನೇ ಬಲಶಾಲಿ. ಅವನು ಎಲ್ಲರನ್ನೂ ನೋಡುತ್ತಾನೆ, ಅವನನ್ನು ಯಾರೂ ನೋಡುವ ಹಾಗಿಲ್ಲ. ಕೊನೆಗೆ ತಿರುಗುತ್ತಾನೆ, ಮುಖ ಸಿಗುತ್ತದೆ, ಥಿಯೇಟರಿನಲ್ಲಿ ಶಿಳ್ಳೆ.

"ಮುಖ ಕೊಡದವನೇ ಬಲಶಾಲಿ," ಅವನು ನಿಧಾನವಾಗಿ ಹೇಳಿಕೊಂಡ. "ಹೌದಾ?"

"ಸಿದ್ಧಾಂತ ಹಾಗೆ ಹೇಳುತ್ತೆ. ಇನ್ನೊಂದು ವಿಷಯ ಕೇಳಿ, ಇದು ನಾನೇ ಕಂಡುಹಿಡಿದಿದ್ದು." ಅವಳು ಪೇಪರ್ ಲೋಟದ ಮೇಲೆ ಪೆನ್ನಿನಲ್ಲಿ ಒಂದು ಬೆನ್ನು ಬರೆದಳು. ಎಡ ಭುಜ ಒಂದು ಬೆರಳಷ್ಟು ಕೆಳಗೆ. "ಇಪ್ಪತ್ಮೂರು ಸಿನಿಮಾ, ನಾಲ್ಕು ಜನ ಹೀರೋಗಳು. ಎಲ್ಲರದ್ದೂ ಎಡ ಭುಜ ಹೀಗೇ ಇಳಿದಿರುತ್ತೆ. ಇದು ಗತ್ತಿನ ಸಂಕೇತ. ಒಬ್ಬರಿಂದ ಒಬ್ಬರು ಕಲಿತಿದ್ದಾರೆ. ರಸ್ತೇಲಿ ನೋಡಿ, ಕಾಲೇಜ್ ಹುಡುಗ್ರೂ ಹೀಗೇ ನಡೀತಾರೆ. ಎಷ್ಟು ಚೆನ್ನಾಗಿದೆ ಗೊತ್ತಾ ಈ ಇಳಿಜಾರು? ನೋಡ್ತಾ ನೋಡ್ತಾ ನಂಗೇ ಒಂಥರಾ..."

ಮಾತು ಮುಗಿಸದೆ ತುಟಿ ಕಚ್ಚಿಕೊಂಡಳು. ಅವನ ಕಿವಿ ಕೆಂಪಾಗಿತ್ತು. ಯಾಕೆ ಅಂತ ಅವಳಿಗೆ ಅರ್ಥವಾಗಲಿಲ್ಲ. ಅಷ್ಟು ಓದಿದವಳಿಗೆ ಅದು ಅರ್ಥವಾಗಲಿಲ್ಲ! ಅವನು ಆ ಖಾಲಿ ಲೋಟವನ್ನು ಬಿಸಾಡದೆ ಜೊತೆಗೇ ತೆಗೆದುಕೊಂಡು ಹೋದ.

ಗಡುವಿಗೆ ಎರಡು ದಿನ ಮುಂಚೆ ಥೀಸಿಸ್ ಒಪ್ಪಿಸಿದಳು. ಗೈಡ್ ಮೇಡಂ ಮೂರನೇ ಅಧ್ಯಾಯ, ಅದೇ ಎಡ ಭುಜದ ಅಧ್ಯಾಯ, ಓದಿ ಬೆನ್ನು ತಟ್ಟಿದರು. "ಇದೇ ನಿನ್ನ ಥೀಸಿಸ್ಸಿನ ಬೆನ್ನೆಲುಬು ಕಣೆ. ಇದೊಂದು ನಿಂತ್ರೆ ಎಲ್ಲಾ ನಿಲ್ಲುತ್ತೆ."

ಒಪ್ಪಿಸಿದ ಮೇಲೆ ಸ್ಟುಡಿಯೋಗೆ ಹೋಗುವ ಅಗತ್ಯವೇ ಇರಲಿಲ್ಲ. ಆದರೂ ಹೋದಳು. ವೈವಾಗೆ ತುಣುಕುಗಳನ್ನು ಕತ್ತರಿಸಬೇಕು ಅಂತ ನೆಪ.

ಮಧ್ಯಾಹ್ನ. ಪರದೆಯ ಮೇಲೆ ಒಂದು ಬೆನ್ನು ಉದ್ದನೆಯ ಕೋಟು ಹಾಕಿಕೊಂಡು ನಡೆದು ಹೋಗುತ್ತಿತ್ತು. ಅರ್ಧ ತಿರುಗಿತು. ಒಂದು ಕಿವಿ, ಕೆನ್ನೆಯ ಅಂಚು, ಮೂಗಿನ ತುದಿ. ಅವಳು ಅಲ್ಲೇ ನಿಲ್ಲಿಸಿದಳು. ಕೋಣೆಯ ಬಾಗಿಲು ತೆರೆದಿತ್ತು. ಹೊರಗೆ ಬೆನ್ನಣ್ಣ ಅಂಥದೇ ಕೋಟು ಹಾಕಿಕೊಂಡು, ಟೈಲರಿಗೆ ತೋರಿಸಲು ಕಾರಿಡಾರಿನಲ್ಲಿ ನಡೆದು ಹೋಗುತ್ತಿದ್ದ.

ಎಡ ಭುಜ ಒಂದು ಬೆರಳಷ್ಟು ಕೆಳಗೆ.

ಅವಳು ಪರದೆ ನೋಡಿದಳು. ಬಾಗಿಲು ನೋಡಿದಳು.

"ರೀ..."

ಅವನು ಅರ್ಧ ತಿರುಗಿ ನಿಂತ.

"ಇಪ್ಪತ್ಮೂರೂ ನೀವೇನಾ?"

ಅವನು ಒಳಗೆ ಬಂದು ಬಾಗಿಲು ಹಾಕಿದ. ಗೋಡೆಗೆ ಒರಗಿ ನೆಲದ ಮೇಲೆ ಕೂತ. ಹನ್ನೊಂದು ವರ್ಷದಿಂದ ಹೀರೋಗಳಿಗೆ ಡ್ಯೂಪು ನಾನು, ಅಂದ. ಬೂಟು ನಂದು, ಕೈ ನಂದು, ಬೆನ್ನು ನಂದು. ತಿರುಗೋಕೆ ಶುರು ಮಾಡ್ತೀನಿ, ಡೈರೆಕ್ಟರು ಕಟ್ ಅಂತಾರೆ. ಆಮೇಲೆ ಹೀರೋ ಬಂದು ಪೂರ್ತಿ ತಿರುಗ್ತಾರೆ. ಅದಕ್ಕೇ ಹಿಂದಿನಿಂದ ಯಾರು ಕರೆದ್ರೂ ಅರ್ಧಕ್ಕೆ ನಿಂತುಬಿಡ್ತೀನಿ. ಕಾಲಿಗೆ ಅದೇ ರೂಢಿ.

"ಭುಜ?"

"ಮೊದಲನೇ ಸಿನಿಮಾದಲ್ಲಿ ಮೆಟ್ಟಿಲಿಂದ ಬಿದ್ದೆ. ಮೂಳೆ ಸರಿಯಾಗಿ ಕೂಡಲಿಲ್ಲ. ಡೈರೆಕ್ಟರಿಗೆ ಇಷ್ಟ ಆಗ್ಬಿಡ್ತು. 'ಹಾಗೇ ಇರ್ಲಿ, ಗತ್ತಾಗಿದೆ' ಅಂದ್ರು. ಹೀರೋಗಳು ಆಮೇಲೆ ನನ್ನ ಭುಜಕ್ಕೆ ತಮ್ಮ ಭುಜ ಹೊಂದಿಸ್ಕೊಂಡ್ರು."

"ಯಾವ ವರ್ಷ? ಎಷ್ಟನೇ ಸಿನಿಮಾದಿಂದ ಹೊಂದಿಸೋಕೆ ಶುರು ಮಾಡಿದ್ರು?" ಅವಳ ಕೈ ಆಗಲೇ ನೋಟ್‌ಬುಕ್ಕಿಗೆ ಹೋಗಿತ್ತು.

ಅವನು ಆ ಕೈಯನ್ನೇ ನೋಡಿದ. "ಬರೀಬೇಡಿ," ಅಂದ. "ಯಾರಿಗೂ ಹೇಳಲ್ಲ ಅಂತ ಸೈನ್ ಹಾಕಿದೀನಿ. ಹೇಳಿದ್ರೆ ಮತ್ತೆ ಯಾರೂ ಕರೆಯಲ್ಲ. ಈ ಭುಜ ಇಟ್ಕೊಂಡು ಬೇರೆ ಯಾವ ಕೆಲಸ ಮಾಡ್ಲಿ? ಅಕ್ಕ, ಬಾವನ ಮನೇಲೂ ನಾನು ಲೈಟ್ ಹಿಡಿತೀನಿ ಅಂತಲೇ ಹೇಳಿರೋದು. ಹೀರೋ ಡಯಟ್ ಮಾಡಿದ್ರೆ ನಾನು ಉಪವಾಸ. ಅವ್ರಿಗೆ ಹೊಟ್ಟೆ ಬಂದ್ರೆ ನಂಗೂ ಬರಬೇಕು. 'ಹೊಟ್ಟೆ ಹುಳ ಇದ್ಯೇನೋ ನಿಂಗೆ' ಅಂತಾಳೆ ಅಕ್ಕ. ಮೈಯಲ್ಲಿ ಮುಖ ಒಂದೇ ನಂದು. ಅದು ಯಾರಿಗೂ ಬೇಡ."

"ಮೊದಲೇ ಯಾಕೆ ಹೇಳ್ಲಿಲ್ಲ? ನಾನು ಅದನ್ನ ಸಂಕೇತ, ಪರಂಪರೆ ಅಂತೆಲ್ಲ ಬರೆದು ಕೊಟ್ಟಾಯ್ತು!"

"ಹೇಳೋ ಹಾಗಿರ್ಲಿಲ್ಲ. ಮತ್ತೆ..." ಅವನು ಕೋಟಿನ ಗುಂಡಿ ತಿರುವಿದ. "ನನ್ನ ಭುಜದ ಬಗ್ಗೆ ಅಷ್ಟು ಚೆನ್ನಾಗಿ ಯಾರೂ ಮಾತಾಡಿರ್ಲಿಲ್ಲ. ಇನ್ನೂ ಸ್ವಲ್ಪ ಕೇಳೋಣ ಅನ್ನಿಸ್ತು."

ಹೀಗೆ ಸಿಕ್ಕಿಹಾಕಿಕೊಂಡರು ಇಬ್ಬರೂ. ನಿಜ ಹೇಳಿದರೆ ಅವನ ಅನ್ನ ಹೋಗುತ್ತದೆ. ಹೇಳದಿದ್ದರೆ ಅವಳ ಅಧ್ಯಾಯ ಸುಳ್ಳು, ಆ ಸುಳ್ಳಿನ ಮೇಲೆ ಡಾಕ್ಟರ್ ಅಂತ ಹೆಸರು ಹಚ್ಚಿಕೊಳ್ಳಬೇಕು. ಮೂರು ವಾರ ಅವಳಿಗೆ ಊಟ ಸೇರಲಿಲ್ಲ. ಕಣ್ಣು ಮುಚ್ಚಿದರೆ ಬೆನ್ನು, ತೆರೆದರೆ ಥೀಸಿಸ್ಸು. ಅವನ ಮೇಲೆ ಪ್ರೀತಿಯಾಗಿದೆ ಅಂತ ಖಚಿತವಾಗಿದ್ದು ಅದೇ ದಿನಗಳಲ್ಲಿ. ಯಾರ ಮುಂದೆ ಹೇಳುವುದು? ಅವನ ವಿಷಯ ಹೇಳಲು ಬಾಯಿ ತೆರೆದರೆ ಅವನ ಗುಟ್ಟೂ ಹೊರಬೀಳುತ್ತಿತ್ತು.

ವೈವಾ ದಿನ ಬಂತು. ಯಾರು ಬೇಕಾದರೂ ಬಂದು ಕೂರಬಹುದಾದ ಪರೀಕ್ಷೆ ಅದು. ಮುಂದಿನ ಸಾಲಿನಲ್ಲಿ ಪರೀಕ್ಷಕರು, ಗೈಡ್ ಮೇಡಂ. ಹಿಂದೆ ಹಾಲ್ ತುಂಬ ವಿದ್ಯಾರ್ಥಿಗಳು. ಎಲ್ಲರಿಗಿಂತ ಹಿಂದೆ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಅವನು. ಬರಬೇಡಿ ಅಂತ ಹೇಳಿದ್ದಳು. ಬಂದಿದ್ದ.

ಪರದೆಯ ಮೇಲೆ ಬೆನ್ನು ಅರ್ಧ ತಿರುಗಿ ನಿಂತಿತ್ತು. ದಪ್ಪ ಕನ್ನಡಕದ ಪರೀಕ್ಷಕರು ಅದಕ್ಕೇ ಕೈ ಹಾಕಿದರು.

"ನಾಲ್ಕು ಜನ ಹೀರೋಗಳು, ಒಬ್ಬೊಬ್ಬರದು ಒಂದೊಂದು ಮೈಕಟ್ಟು. ಭುಜ ಮಾತ್ರ ಒಂದೇ ಥರ. ಇದು ಸಂಕೇತ ಅಂತೀರಿ. ಸರಿ, ಎಲ್ಲಿಂದ ಬಂತು ಇದು?"

ಅವಳು ಹಿಂದಿನ ಸಾಲಿನ ಕಡೆ ನೋಡಬಾರದು ಅಂದುಕೊಂಡಳು. ನೋಡಲಿಲ್ಲ.

"ಸರ್, ಈ ಅಧ್ಯಾಯ ನಾನು ವಾಪಸ್ ತಗೋತೀನಿ."

ಗೈಡ್ ಮೇಡಂ ಹಣೆ ಹಿಡಿದುಕೊಂಡರು.

"ಯಾಕೆ?"

"ಇದು ತಪ್ಪು ಅಂತ ಗೊತ್ತಾಗಿದೆ. ಹೇಗೆ ಗೊತ್ತಾಯ್ತು ಅಂತ ಹೇಳೋಕಾಗಲ್ಲ."

"ಇದನ್ನ ತೆಗೆದ್ರೆ ಥೀಸಿಸ್ಸಲ್ಲಿ ಏನೂ ಉಳಿಯಲ್ಲಮ್ಮಾ."

"ಗೊತ್ತು ಸರ್."

ಹಿಂದೆ ಕುರ್ಚಿ ಸರಿದ ಸದ್ದಾಯಿತು. ಅವನು ಎದ್ದಿದ್ದ. ಬಾಗಿಲ ಕಡೆ ಹೋಗುತ್ತಾನೆ ಅಂದುಕೊಂಡಳು. ಹೋಗಲಿಲ್ಲ. ಸಾಲುಗಳ ನಡುವೆ ಮುಂದಕ್ಕೆ ನಡೆದು ಬಂದ. ಅವನು ದಾಟಿದ ಸಾಲಿನ ಹುಡುಗರೆಲ್ಲ ಒಬ್ಬೊಬ್ಬರಾಗಿ ಮಾತು ನಿಲ್ಲಿಸಿದರು. ಯಾರೋ "ಏಯ್, ನೋಡೋ" ಅಂದರು. ಅವನು ಪರದೆಯ ಪಕ್ಕಕ್ಕೆ ಹೋಗಿ, ಎಲ್ಲರಿಗೂ ಬೆನ್ನು ಕೊಟ್ಟು ನಿಂತ. ಪರದೆಯಲ್ಲೊಂದು ಎಡ ಭುಜ, ಪಕ್ಕದಲ್ಲೊಂದು.

"ಇಲ್ಲಿಂದ ಬಂತು, ಸರ್," ಅಂದ.

ಅವಳ ಕಣ್ಣು ತುಂಬಿ ಬಂತು.

"ರೀ..."

ಅವನು ತಿರುಗಿದ. ಅರ್ಧಕ್ಕೆ ನಿಂತ. ಹನ್ನೊಂದು ವರ್ಷ ಇಲ್ಲಿಗೇ ಯಾರಾದರೂ ಕಟ್ ಅನ್ನುತ್ತಿದ್ದರು. ಈಗ ಯಾರೂ ಅನ್ನಲಿಲ್ಲ.

"ಪೂರ್ತಿ ತಿರುಗಿ," ಅಂದಳು ಅವಳು.

ಅವನು ಪೂರ್ತಿ ತಿರುಗಿದ. ಶಿಳ್ಳೆ ಬೀಳಲಿಲ್ಲ. ಹಣೆಯ ಮೇಲೆ ಬೆವರು, ಕಣ್ಣಿನ ಕೆಳಗೆ ಎರಡು ಗೆರೆ. ಇನ್ನೂರು ಜನ ಮೊದಲ ಸಲ ಆ ಮುಖ ನೋಡಿದರು.

ಅವಳು ಕಣ್ಣೊರೆಸಿಕೊಂಡು ಪರೀಕ್ಷಕರ ಕಡೆ ತಿರುಗಿದಳು. "ಸರ್, ಅಧ್ಯಾಯ ಸುಳ್ಳಲ್ಲ, ಅರ್ಧ. ಮೊದಲು ಇದು ಒಬ್ಬರ ಮುರಿದ ಮೂಳೆ. ಅದಕ್ಕೆ ಗತ್ತು ಅಂತ ಹೆಸರಿಟ್ಟವರು ಬೇರೆ. ಮುಖ ಕೊಡದವನು ಬಲಶಾಲಿ ಅಂತ ಬರೆದಿದ್ದೆ. ಅವನಿಗೆ ಮುಖ ತೋರಿಸೋಕೆ ಬಿಡಲಿಲ್ಲ ಅಂತ ಬರೀಬೇಕಿತ್ತು. ಹೊರಗೆ ಹುಡುಗ್ರು ಗಂಡಸ್ತನ ಅಂತ ನಡೆದು ತೋರಿಸ್ತಿರೋದು ಇವರ ನೋವನ್ನ."

ಪರೀಕ್ಷಕರು ಕನ್ನಡಕ ತೆಗೆದು ಒರೆಸಿದರು. ಮೂರು ತಿಂಗಳು ಕೊಡುತ್ತೇವೆ, ಆ ಅಧ್ಯಾಯ ಮತ್ತೆ ಬರೆದುಕೊಂಡು ಬಾ ಅಂದರು.

ಹೊರಗೆ ಮೆಟ್ಟಿಲ ಮೇಲೆ ಬಿಸಿಲಿತ್ತು. ಅವನ ಫೋನು ಆಗಲೇ ಜೇಬಿನಲ್ಲಿ ಎರಡು ಸಲ ಹೊಡೆದುಕೊಂಡಿತ್ತು. ತೆಗೆದು ನೋಡಿದ, ಮತ್ತೆ ಜೇಬಿಗಿಟ್ಟ.

"ಸುದ್ದಿ ಆಗಲೇ ಮುಟ್ಟಿದೆ. ಕೆಲಸ ಹೋಯ್ತು," ಅಂದ.

"ಯಾಕ್ರೀ ಎದ್ರಿ? ನಾನು ಬಾಯಿ ಬಿಟ್ಟಿರ್ಲಿಲ್ಲ!"

"ಅದಕ್ಕೇ ಎದ್ದೆ. ಮುಂದೇನು ಅಂತ ಗೊತ್ತಿಲ್ಲ. ಇವತ್ತು ಮಾತ್ರ ಅಕ್ಕನ ಮನೇಲಿ ಹೊಟ್ಟೆ ತುಂಬ ಊಟ ಮಾಡ್ತೀನಿ." ನಕ್ಕ. ನಗು ನಡುವೆಯೇ ನಿಂತಿತು. "ಹೆದರಿಕೆ ಆಗ್ತಿದೆ, ಮೇಡಂ."

"ನಂಗೂ. ಆದ್ರೂ ಹೇಳ್ತೀನಿ. ನಿಮ್ಮನ್ನ ನೋಡೋಕಿಂತ ಮುಂಚೇನೇ ನಿಮ್ಮ ಮೇಲೆ ಮನಸ್ಸಾಗಿತ್ತು. ಈಗ ಮುಖಾನೂ ಸೇರಿಸ್ಕೊಂಡೆ."

"ಈಗ ನನ್ನನ್ನ ಓದ್ತಾ ಇದೀರೋ, ನೋಡ್ತಾ ಇದೀರೋ?"

ಅವಳು ಒಂದು ಮೆಟ್ಟಿಲು ಮೇಲೆ ಹತ್ತಿ, ಅವನ ಎಡ ಭುಜದ ಮೇಲೆ ಕೈಯಿಟ್ಟಳು. ಅವತ್ತು ಆ ನೆಲಮಾಳಿಗೆಯಲ್ಲಿ ಯಾವ ವರ್ಷ, ಎಷ್ಟನೇ ಸಿನಿಮಾ ಅಂತೆಲ್ಲ ಕೇಳಿದ್ದಳು. ಕೇಳಬೇಕಾಗಿದ್ದನ್ನು ಕೇಳಿರಲಿಲ್ಲ.

"ನೋಯುತ್ತಾ?"

ಹನ್ನೊಂದು ವರ್ಷದಲ್ಲಿ ಯಾರೂ ಕೇಳಿರಲಿಲ್ಲ. ಅವನು ಮುಖ ತಿರುಗಿಸಿಕೊಳ್ಳಲು ಹೋದ. ಆಮೇಲೆ ತಿರುಗಿಸದೆ ಅವಳನ್ನೇ ನೋಡುತ್ತ ನಿಂತ.

"ಹೂಂ," ಅಂದ. "ನೋಯುತ್ತೆ."