ಹೊಗೆಯೆಮ್ಮೆಯ ಯಜಮಾನಿ

ಸ್ವಲ್ಪ ಹತ್ತಿರ ಬನ್ನಿ, ಆ ಬಾಗಿಲು ಮುಂದೆ ಮಾಡಿ. ಈ ಮಾತು ನಿಮ್ಮ ಹೊಟ್ಟೆಯಲ್ಲೇ ಇರಬೇಕು, ಆಣೆ ಇದೆ.

ಬಹಳ ಬಹಳ ಹಿಂದೆ ಮುಗಿಲಪುರ ಅಂತ ಒಂದು ರಾಜ್ಯವಿತ್ತು. ಅಲ್ಲಿ ಹೆಣ್ಣು ಕೇಳಲು ಬಂದವರು ಹುಡುಗಿಯ ಮುಖ ನೋಡುತ್ತಿರಲಿಲ್ಲ, ಸೂರಿನ ಮೇಲಿನ ಹೊಗೆ ನೋಡುತ್ತಿದ್ದರು. ಹೊಗೆ ದಪ್ಪವಿದ್ದರೆ ಮನೆತನ ದೊಡ್ಡದು. ಅದಕ್ಕೇ ಎಲ್ಲರೂ ಒಲೆಯ ಮೇಲೆ ಮಡಕೆ ಇಡದಿದ್ದರೂ ಒಳಗೆ ಹಸಿಹುಲ್ಲು ತುರುಕುತ್ತಿದ್ದರು. ಮಂತ್ರಿಯ ಮನೆಯಲ್ಲಿ ಮೂರು ಒಲೆ ಹೊಗೆಯಾಡುತ್ತಿದ್ದವು, ಊಟಕ್ಕೆ ಮಾತ್ರ ಪುಣ್ಯಾತ್ಮ ಅತ್ತೆಮನೆಗೆ ಹೋಗುತ್ತಿದ್ದ!

ಆ ಹೊಗೆಯೆಲ್ಲ ಮೇಲೆ ಸೇರಿ ಒಂದು ಎಮ್ಮೆಯಾಯಿತು. ಎಮ್ಮೆ ರಾಜ್ಯದ ಮೇಲೆ ಅಡ್ಡಡ್ಡ ಮಲಗಿತು. ನೆಲದ ಬಿಸಿ ಹೊರಗೆ ಹೋಗಲು ದಾರಿಯೇ ಇಲ್ಲ. ಕೋಳಿಗಳು ಬೆಂದ ಮೊಟ್ಟೆಯನ್ನೇ ಇಡತೊಡಗಿದವು.

ಬುಟ್ಟಿ ಹೆಣೆಯುವ ಸಂಕವ್ವನಿಗೆ ಐದು ವರ್ಷದ ಮಗಳು, ಚಿನ್ನಾಜಿ. ಮಗಳಿಗೆ ಮುಂದೆ ಒಳ್ಳೇ ಸಂಬಂಧ ಬರಲಿ ಅಂತ ಈಗಲೇ ಹೊರೆಗಟ್ಟಲೆ ಹುಲ್ಲು ಸುಡುತ್ತಿದ್ದಳು. ಅದೇ ಮಗು ಝಳಕ್ಕೆ ಬಾಡಿ ಮಲಗಿತು. ಮೈ ಕಾದ ಹೆಂಚು. ಸಂಕವ್ವ ಕೆರೆಗೆ ಓಡಿ ಅತ್ತಳು. ಕೆರೆಯ ಮುದಿ ಆಮೆ ತಲೆ ಎತ್ತಿ, "ಎಮ್ಮೆ ಅಲ್ಲವೇನೇ ಅದು? ಸಾಕಿದವರು ಬಂದು ನಂದು ಅಂದರೆ ಏಳುತ್ತೆ. ಬೇಗ ಹೋಗು, ಮಗು ಮೂರು ದಿನದ ಮೇಲೆ ತಡೆಯಲ್ಲ" ಅಂದಿತು.

ಮೊದಲನೇ ದಿನ ಅರಮನೆಗೆ ಹೋದಳು. "ದೊರೆಯೇ, ಎಮ್ಮೆ ನಿಮ್ಮದಾ?"

"ಛೇ! ನಾವು ಸುಡೋದು ಗಂಧದ ಚೆಕ್ಕೆ. ಹೊಳೆಯಾಚೆಯವರನ್ನು ಕೇಳು."

ಎರಡನೇ ದಿನ ಹೊಳೆ ದಾಟಿದಳು. ಆಚೆಯವರು ಮೈಮೇಲೇ ಬಂದರು. "ನಾವು ನಿನ್ನೆ ಮೊನ್ನೆ ಒಲೆ ಹಚ್ಚಿದವರು. ನಿಮ್ಮಜ್ಜಿ, ಮುತ್ತಜ್ಜಿ ಸುಟ್ಟಿದ್ದು ಎಲ್ಲಿ ಹೋಯ್ತಮ್ಮ? ಹೋಗು, ನಿಮ್ಮ ರಾಜನನ್ನೇ ಕೇಳು!"

ಮೂರನೇ ದಿನ ಗುಡ್ಡ ಹತ್ತಿದಳು. ಅಲ್ಲಿ ಊರಿಗೆಲ್ಲ ಹಸಿಹುಲ್ಲು ಒದಗಿಸುವ ಮಾಯಾವಿ ಮಸಿಮಾರ ಕೂತಿದ್ದ. "ಯಾರ ಎಮ್ಮೆಯೂ ಅಲ್ಲ ತಾಯಿ. ಭೂಮಿ ಹುಟ್ಟಿದಾಗಿನಿಂದ ಅಲ್ಲೇ ಮಲಗಿದೆ. ಸೂರ್ಯನಿಗೆ ವಯಸ್ಸಾಗಿ ಸಿಡುಕು ಜಾಸ್ತಿ, ಅಷ್ಟೇ. ಎರಡು ಹೊರೆ ಹೊತ್ಕೊಂಡು ಹೋಗು" ಅಂತ ಬೆಣ್ಣೆಯಂಥ ಮಾತಾಡಿದ.

ಹೊರೆಗೆ ಕೈ ಹಾಕಿಯೂಬಿಟ್ಟಳು, ಮಹಾತಾಯಿ! ಅಷ್ಟರಲ್ಲಿ ಎಮ್ಮೆ ಗುಡ್ಡದ ತುದಿಗೆ ಮೂತಿ ಇಳಿಸಿ ಅವಳ ಸೆರಗು ಮೂಸಿತು. ಅದರ ಉಸಿರಿನಲ್ಲಿ ಅವಳ ಅಡುಗೆಮನೆಯದೇ ವಾಸನೆ. ಸಂಕವ್ವನಿಗೆ ನಾಚಿಕೆಯಿಂದ ಕಿವಿ ಕೆಂಪಾಯಿತು. ಆದರೂ ಮೂತಿ ಸವರಿ ಅಂದಳು, "ನಂದು ಕಣೇ. ನಾನೇ ಸಾಕಿದ್ದು. ಏಳೇ ನನ್ನವ್ವ."

ಎಮ್ಮೆ ಏಳಲಿಲ್ಲ. ಬಾಲ ಮಾತ್ರ ಎತ್ತಿತು. ಅವಳ ಪಾಲು ಅಷ್ಟೇ! ಬಾಲದ ಸಂದಿಯಿಂದ ಒಂದು ಮೊಳ ಅಗಲದ ತಂಗಾಳಿ ಸಂಕವ್ವನ ಮನೆಯ ಮೇಲೆ ಬಿತ್ತು. ಚಿನ್ನಾಜಿ ಕಣ್ಣು ಬಿಟ್ಟು "ಅವ್ವಾ, ಮಜ್ಜಿಗೆ" ಅಂದಳು. ಸಂಕವ್ವ ಬಂದವಳೇ ಹಸಿಹುಲ್ಲನ್ನು ದನಕ್ಕೆ ಹಾಕಿದಳು.

ಹೊಗೆಯಿಲ್ಲದ ಮನೆ! ಬೀದಿಯೆಲ್ಲ ಬಾಯಿಗೆ ಸೆರಗಿಟ್ಟು ನಕ್ಕಿತು. ಪಕ್ಕದ ಮನೆ ಮಾಳವ್ವನಂತೂ ನಗಲೆಂದೇ ಜಗಲಿಗೆ ಬಂದು ನಿಂತಳು. ನಿಂತವಳಿಗೆ ತಂಪು ತಗಲಿತು. ಸಂಕವ್ವನ ಬಾಯಿಂದ ಗುಟ್ಟು ತಿಳಿದು, ಮಾರನೇ ದಿನ ಮುಸುಕು ಹಾಕಿಕೊಂಡು ಗುಡ್ಡ ಹತ್ತಿದಳು. ಅವಳ ಹಿಂದೆ ಇನ್ನೊಬ್ಬಳು, ಅವಳ ಹಿಂದೆ ಮಂತ್ರಿ, ಆಮೇಲೆ ಹೊಳೆಯಾಚೆಯವರು. ಒಬ್ಬೊಬ್ಬರು "ನಂದು" ಅಂದಂತೆ ಕೊಂಬು ಎದ್ದಿತು, ಕಿವಿ ಎದ್ದಿತು. ಹೊಟ್ಟೆ ಮಾತ್ರ ಏಳಲೊಲ್ಲದು. ಪ್ರಜೆಗಳೆಲ್ಲ ರಾಜನ ಮುಖ ನೋಡಿದರು. ಗಂಧದ ಚೆಕ್ಕೆಯ ದೊರೆ ಕಿರೀಟ ಕಂಕುಳಲ್ಲಿಟ್ಟುಕೊಂಡು, "ಹೊಟ್ಟೆ ನಂದು" ಅಂತ ಗೊಣಗಿದ.

ಎಮ್ಮೆ ಎದ್ದು ನಿಂತಿತು! ಮಸಿಮಾರನ ಬಣವೆಯನ್ನೆಲ್ಲ ಮೇಯ್ದು ಮುಗಿಸಿತು. ಹುಲ್ಲು ಮುಗಿದದ್ದೇ ಅವನು ಹೊಲದ ಬೆದರುಬೊಂಬೆಯಾಗಿ ನಿಂತ. ಎಮ್ಮೆ ಕರಗಲು ವರ್ಷಗಳೇ ಹಿಡಿದವು. ಆದರೂ ದಿನಕ್ಕೊಂದಿಷ್ಟು ಆಕಾಶ ಕಂಡಿತು, ಕೋಳಿಮೊಟ್ಟೆ ಮರಿಯಾಯಿತು, ಜನ ಹುಡುಗಿಯ ಮುಖ ನೋಡಿ ಹೆಣ್ಣು ಕೇಳಿದರು. ಎಲ್ಲರೂ ತಣ್ಣಗೆ ಬಾಳಿದರು.

ಮತ್ತೆ ಮಾಳವ್ವ? ಒಂದು ಬಟ್ಟಲು ಮಜ್ಜಿಗೆ ಹಿಡಿದು ಬಂದು, ಸೊಂಟಕ್ಕೆ ಕೈಯಿಟ್ಟು, ಸಂಕವ್ವನ ಮುಖದ ಮೇಲೇ ಹೇಳಿದಳು: "ಮಗಳಿಗೆ ಕುಡಿಸು. ಮೊದಲು ಒಪ್ಪಿಕೊಂಡವಳು ನೀನೇ, ಇಲ್ಲ ಅನ್ನಲ್ಲ. ಆದರೆ ನಿಂದು ಬರೀ ಬಾಲ ಕಣೇ. ಕೊಂಬು ನಂದು!"