ಪರದೆಯ ಮೇಲಿನ ಶುಕ್ರವಾರ

“ಮುಟ್ಟಬೇಡಿ!” ಎಂದಳು ಅವಳು, ಅವನು ಚೀಲ ಕೆಳಗಿಡುವ ಮೊದಲೇ.

ಕಂಪ್ಯೂಟರ್ ರಿಪೇರಿಯವನು ಕೈ ಹಿಂದಕ್ಕೆಳೆದುಕೊಂಡ. “ಮುಟ್ಟದೆ ರಿಪೇರಿ ಮಾಡೋದನ್ನ ನಾನಿನ್ನೂ ಕಲಿತಿಲ್ಲ ಮೇಡಂ.”

ಅವಳಿಗೆ ನಗು ಬರಲಿಲ್ಲ. ಎದುರಿಗೆ ಕಸೂತಿ ಯಂತ್ರದ ಸೂಜಿಗಳೆಲ್ಲ ಸುಮ್ಮನೆ ನಿಂತಿದ್ದವು. ಹಿಂದಿನ ದಿನ ಅಣ್ಣ ಕಂಪ್ಯೂಟರಿಗೆ ಹೊಸ ಆಪರೇಟಿಂಗ್ ಸಿಸ್ಟಂ ಹಾಕಿ, ದೊಡ್ಡ ಉಪಕಾರ ಮಾಡಿದವನಂತೆ ಬೀಗಿದ್ದ. ಆಗಿನಿಂದ, ಯಂತ್ರವನ್ನು ನಡೆಸುವ ವಿನ್ಯಾಸದ ಹಳೆಯ ಸಾಫ್ಟ್‌ವೇರ್ ಕಣ್ಣೇ ಬಿಡುತ್ತಿರಲಿಲ್ಲ. ಅಪ್ಪ ಬಿಡಿಸಿದ್ದ ಹೂಬಳ್ಳಿಗಳೆಲ್ಲ ಅದರೊಳಗೇ ಇದ್ದವು.

ಇವನೂ ಏನಾದರೂ ಅಳಿಸಿಬಿಟ್ಟರೆ...?

ಅವನು ಏನನ್ನೂ ಅಳಿಸಲಿಲ್ಲ. ಎಲ್ಲವನ್ನೂ ಬೇರೆ ಕಡೆ ನಕಲು ಮಾಡಿಟ್ಟ ಮೇಲೇ ಕೆಲಸಕ್ಕೆ ಕೈಹಾಕಿದ. ಆ ಎಚ್ಚರ ಕಂಡು ಅವಳ ಕೋಪ ಅರ್ಧ ಇಳಿಯಿತು.

ನೀನಿನ್ನೂ ಹಳೆಯ ಸಿಸ್ಟಂನಲ್ಲೇ ಇದ್ದೀಯ ಎಂದು ಸಾಫ್ಟ್‌ವೇರನ್ನು ನಂಬಿಸುವ ಸೆಟ್ಟಿಂಗ್ ಒಂದಿತ್ತು. ಅದನ್ನು ಹಾಕಿದ ಮೇಲೆ ಸಾಫ್ಟ್‌ವೇರ್ ಎದ್ದಿತು. ವರ್ಷ ನೋಡಿ ಗಾಬರಿಯಾಗಿ ಮತ್ತೆ ಮಲಗಿತು. ಈಚಿನ ವರ್ಷಗಳನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಕೊನೆಗೆ ಅವನು ಕಂಪ್ಯೂಟರಿನ ತಾರೀಖು, ತಿಂಗಳು ಹಾಗೇ ಬಿಟ್ಟು, ವರ್ಷವನ್ನು ಮಾತ್ರ ಹಿಂದಕ್ಕೆ ಹಾಕಿದ. ಯಂತ್ರ ಟಕಟಕ ಹೊಲಿಯತೊಡಗಿತು.

ಅವಳು ನಕ್ಕುಬಿಟ್ಟಳು.

ಹೊರಡುವಾಗ ಅವನು ಹೇಳಬೇಕಾದ ಮಾತು ಎರಡಿದ್ದವು. ವರ್ಷ ಬದಲಾದರೆ ವಾರವೂ ಬದಲಾಗುತ್ತದೆ, ಪರದೆಯ ಮೂಲೆಯಲ್ಲಿ ಕಾಣುವ ವಾರವನ್ನು ನಂಬಬೇಡಿ ಎಂಬುದು ಒಂದು. ಆ ನಗು ನೋಡುತ್ತ ಅದನ್ನು ಮರೆತ. ಇನ್ನೊಂದನ್ನು ಹೇಳಿದ.

“ಶುಕ್ರವಾರ ಸಂಜೆ... ಎದುರು ಬೀದಿಯ ಕಾಫಿ ಅಂಗಡಿಗೆ ಬರ್ತೀರಾ?”

ಅವಳು ಹೂಂ ಎಂದಳು.

ಆ ವಾರ ಸಮವಸ್ತ್ರಗಳ ರಾಶಿ. ಕಿಟಕಿಯಿಲ್ಲದ ಕೋಣೆಯಲ್ಲಿ ಕೂತವಳಿಗೆ ಪರದೆಯ ಮೂಲೆಯೇ ಪಂಚಾಂಗ. ಅಲ್ಲಿ ಶುಕ್ರವಾರ ಎಂದು ಕಂಡ ಸಂಜೆ, ಹೊಸ ಬಟ್ಟೆ ತೊಟ್ಟು ಹೋದಳು. ಅಂಗಡಿಯವರು ಕುರ್ಚಿ ಎತ್ತಿಡುವವರೆಗೂ ಕಾದಳು.

ಅವನು ಬರಲಿಲ್ಲ.

ಫೋನಿನತ್ತ ಕೈ ಹೋಯಿತು; ಬಿಗುಮಾನ ತಡೆಯಿತು. ಬಾಯಿಮಾತಿಗೆ ಕರೆದದ್ದನ್ನು ನಂಬಿ ಬಂದೆನಲ್ಲ... ನಾನೆಂಥ ಪೆದ್ದಿ!

ಮುಂದಿನ ವಾರ ಪ್ರಿಂಟರ್ ಕೈಕೊಟ್ಟಿತು. ಬೇರೆ ಯಾರನ್ನಾದರೂ ಕಳಿಸಿ ಎಂದು ರಿಪೇರಿ ಅಂಗಡಿಗೆ ಹೇಳಿದಳು. ಹಳೆಯದನ್ನೆಲ್ಲ ಬಲ್ಲವನು ಅವನೊಬ್ಬನೇ ಎಂದು ಅವರು ಅವನನ್ನೇ ಕಳಿಸಿದರು. ಅವನೂ ಮುಖ ಊದಿಸಿಕೊಂಡೇ ಬಂದ.

“ಬರೋಕೆ ಇಷ್ಟ ಇಲ್ಲದಿದ್ರೆ ಹೇಳಬಹುದಿತ್ತು,” ಎಂದ, ಪ್ರಿಂಟರಿಗೆ ಹೇಳುವವನಂತೆ.

“ನಾನಾ? ಶುಕ್ರವಾರ ಅಂಗಡಿ ಮುಚ್ಚೋವರೆಗೂ ಕೂತಿದ್ದೆ!”

“ಶುಕ್ರವಾರ ನಾನೂ ಅಲ್ಲೇ ಕೂತಿದ್ದೆನಲ್ಲ.”

ಮೂಲೆಯಲ್ಲಿ ಉಳಿಕೆ ದಾರ ಕತ್ತರಿಸುತ್ತಿದ್ದ ಅತ್ತಿಗೆ ತಲೆಯೆತ್ತದೆ ಹೇಳಿದಳು: “ಶುಕ್ರವಾರ ಸಂಜೆ ನೀನು ನನ್ನ ಜೊತೆನೇ ಇದ್ಯಲ್ಲೇ. ಸಿಂಗಾರ ಮಾಡ್ಕೊಂಡು ಹೋಗಿದ್ದು ಶನಿವಾರ.”

ಇಬ್ಬರೂ ಪರದೆಯತ್ತ ತಿರುಗಿದರು. ಹೊರಗೆ ಮಂಗಳವಾರ. ಪರದೆಯ ಮೂಲೆಯಲ್ಲಿ ಸೋಮವಾರ.

ಅವನು ಹಣೆ ಚಚ್ಚಿಕೊಂಡ. ವರ್ಷದ ಕಥೆಯನ್ನೆಲ್ಲ ತಡವರಿಸುತ್ತ ಒಪ್ಪಿಸಿದ. ಅತ್ತಿಗೆ ದಾರದ ಬುಟ್ಟಿ ಎತ್ತಿಕೊಂಡು, ಒಳಗೇನೋ ಕೆಲಸವಿದೆ ಎಂದು ಎದ್ದು ಹೋದಳು.

“ಇಷ್ಟು ಮುಖ್ಯವಾದ್ದನ್ನ ಹೇಗೆ ಮರೆತ್ರಿ?”

“ನೀವು ನಕ್ಕಿರಿ...” ಅವನು ತಲೆ ತಗ್ಗಿಸಿದ. “ನೀವಂದ್ರೆ ನಂಗೆ ತುಂಬಾ ಇಷ್ಟ. ಶುಕ್ರವಾರ ಅಲ್ಲಿಗೆ ಹೇಳೋಕೆ ಬಂದಿದ್ದೂ ಅದನ್ನೇ.”

ಅವಳ ಎದೆ ಯಂತ್ರಕ್ಕಿಂತ ಜೋರಾಗಿ ಬಡಿದುಕೊಂಡಿತು.

“ಎರಡು ಕಾಫಿ ಹೇಳಿ ಎರಡನ್ನೂ ನಾನೇ ಕುಡಿದೆ, ಗೊತ್ತಾ?” ಎಂದಳು ಅವಳು. “ಇಷ್ಟ ಇಲ್ಲದೆ ಯಾರಾದ್ರೂ ಹಾಗೆ ಮಾಡ್ತಾರಾ?”

ಅವನ ಮುಖ ಅರಳಿತು. “ಹಾಗಾದ್ರೆ... ಯಾವ ವಾರ ಬರ್ಲಿ?”

“ವಾರ ಹೇಳಿದ್ರೆ ಮತ್ತೆ ಎಡವಟ್ಟಾಗುತ್ತೆ,” ಎಂದಳು ಅವಳು, ಮೆಲ್ಲಗೆ ಅವನ ಕೈಹಿಡಿದು. “ದಿನಾ ಬನ್ನಿ.”